ಚಿಕ್ಕಪ್ಪನ ರಿಪೋರ್ಟ್‌ನಲ್ಲಿ ಪಿ53, ಕಿ-67 ಅಂತೆಲ್ಲ ಇದೆ. ಬಾಯಿ ಕ್ಯಾನ್ಸರ್ ಮುಂದೆ ಏನಾಗುತ್ತದೆ ಅಂತ ಈ ಪ್ರೋಟೀನ್‌ಗಳು ಹೇಳುತ್ತವಾ?

ವರದಾತೀರ · ಭಾನುವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದ ಹಳ್ಳಿಯವನು. ಸ್ವಲ್ಪ ಗಾಬರಿಯಲ್ಲೇ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಪ್ಪನಿಗೆ 54 ವರ್ಷ. ಎಡ ಕೆನ್ನೆಯ ಒಳಗೆ ಕ್ಯಾನ್ಸರ್. ಮೂವತ್ತು ವರ್ಷದಿಂದ ಕವಳ (ಎಲೆ-ಅಡಿಕೆ) ಹಾಕುತ್ತಿದ್ದರು, ಹೊಗೆಸೊಪ್ಪು ಸೇರಿಸಿಯೇ. ಆಪರೇಷನ್ ಆಗಿ ಇವತ್ತಿಗೆ 31 ದಿನ. ಕೆನ್ನೆಯ ಭಾಗ ತೆಗೆದಿದ್ದಾರೆ, ಕೆಳದವಡೆಯ ಅಂಚು ಕೆತ್ತಿದ್ದಾರೆ, ಎಡಗತ್ತಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ತೊಡೆಯ ಮಾಂಸ ತಂದು ಕೆನ್ನೆಗೆ ಹೊಲಿದಿದ್ದಾರೆ. ಮೂಗಿನ ಪೈಪ್ ಹೋದ ವಾರ ತೆಗೆದರು. ಈಗ ಗಂಜಿ ಕುಡಿಯುತ್ತಾರೆ.

ರಿಪೋರ್ಟ್‌ನಲ್ಲಿ ಇರುವುದು ಇದು. ಗಡ್ಡೆ 3.2 ಸೆಂ.ಮೀ. ಆಳ 8 ಮಿ.ಮೀ. ಹತ್ತಿರದ ಮಾರ್ಜಿನ್ (ಗಡ್ಡೆಯ ಜೊತೆ ತೆಗೆದ ರೋಗವಿಲ್ಲದ ಅಂಚು) 6 ಮಿ.ಮೀ. ಮೂಳೆಗೆ ಹರಡಿಲ್ಲ. 26 ಗಂಟುಗಳಲ್ಲಿ 2ರಲ್ಲಿ ರೋಗ ಇದೆ, ಗಂಟಿನ ಸಿಪ್ಪೆ ಒಡೆದಿಲ್ಲ. ಗಡ್ಡೆಗೆ ಪಿಟಿ2, ಗಂಟಿಗೆ ಪಿಎನ್2ಬಿ ಅಂತ ಅಂಕ ಕೊಟ್ಟಿದ್ದಾರೆ. ಸ್ಟೇಜ್ 4ಎ. ಅದರ ಕೆಳಗೆ ಬೇರೆ ಪುಟದಲ್ಲಿ: ಪಿ53 ಪಾಸಿಟಿವ್ 80%, ಕಿ-67 45%, ಪಿ16 ನೆಗೆಟಿವ್.

ಆ ಕೊನೆಯ ಪುಟವನ್ನು ನೆಟ್‌ನಲ್ಲಿ ಹುಡುಕಿದೆ. ಪಿ53 ಇದ್ದರೆ ಕೆಟ್ಟದ್ದು, ಕಿ-67 ಜಾಸ್ತಿ ಇದ್ದರೆ ಕೆಟ್ಟದ್ದು, ಪಿ16 ಇಲ್ಲದಿದ್ದರೆ ಅದೂ ಕೆಟ್ಟದ್ದು ಅಂತ ಬಂತು. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗ, ಅಣ್ಣ, ಇನ್ನೂ ದೊಡ್ಡ ಪ್ರೋಟೀನ್ ಪ್ಯಾನೆಲ್ (ಒಟ್ಟಿಗೆ ಹಲವು ಪ್ರೋಟೀನ್ ನೋಡುವ ಪರೀಕ್ಷೆ) ಮಾಡಿಸೋಣ ಅಂತಾನೆ. 28 ಸಾವಿರ ರೂಪಾಯಿ. ರಿಪೋರ್ಟ್ ಬರಲು ಮೂರು ವಾರ. ಅದು ಬಂದ ಮೇಲೆ ರೇಡಿಯೇಷನ್ ಬೇಕೋ ಬೇಡವೋ ಗೊತ್ತಾಗುತ್ತದೆ, ಅಲ್ಲಿಯವರೆಗೆ ಕಾಯೋಣ ಅನ್ನುವುದು ಅವನ ವಾದ. ಇತ್ತ ಆಸ್ಪತ್ರೆಯವರು ರೇಡಿಯೇಷನ್ ವೇಳೆ ಮುಖ ಅಲುಗಾಡದಂತೆ ಹಿಡಿಯುವ ಮಾಸ್ಕ್ ಮಾಡಿಸಲು ಬನ್ನಿ ಅಂತ ಎರಡು ಸಲ ಫೋನ್ ಮಾಡಿದ್ದಾರೆ. ಏನು ಮಾಡಲಿ?

ಕವಳ ಬಿಟ್ಟವ · ಭಾನುವಾರ ರಾತ್ರಿ 10:40

ತಮ್ಮಾ, ನಾನು ಶಿರಸಿ ಕಡೆಯವನು. ಇದೇ ಕಾಯಿಲೆಯಿಂದ ಎದ್ದು ಬಂದವನು. ಈಗ ಏಳನೇ ವರ್ಷ. ವಿವರ ತಿಳಿದವರು ಹೇಳುತ್ತಾರೆ. ನೀನು ನಾಳೆ ಬೆಳಿಗ್ಗೆ ಮಾಸ್ಕ್‌ನವರಿಗೆ ಫೋನ್ ಮಾಡಿ ಬರುತ್ತೇವೆ ಅಂತ ಹೇಳು. ಉಳಿದದ್ದು ಆಮೇಲೆ.

ಸೂಕ್ಷ್ಮದರ್ಶಕ · ಭಾನುವಾರ ರಾತ್ರಿ 11:25

ನಾನು ಪೆಥಾಲಜಿ ಡಾಕ್ಟರ್. ಇಪ್ಪತ್ತು ವರ್ಷದಿಂದ ಬಾಯಿ, ಕತ್ತಿನ ಸ್ಲೈಡ್‌ಗಳನ್ನು ನೋಡುತ್ತಿದ್ದೇನೆ. ನಿಮ್ಮ ಚಿಕ್ಕಪ್ಪನನ್ನು ನೋಡಿದ ಡಾಕ್ಟ್ರ ಮಾತೇ ಕೊನೆ. ಆದರೂ ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತೇನೆ.

ಪ್ಯಾನೆಲ್‌ಗಾಗಿ ಕಾಯಬೇಡಿ. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು ಅನ್ನುವುದು ಎಲ್ಲ ಕಡೆ ಇಟ್ಟುಕೊಂಡಿರುವ ಗುರಿ. ಅಂದರೆ 42 ದಿನ. ನಿಮಗೆ ಉಳಿದಿರುವುದು 11. ಮಾಸ್ಕ್ ಮಾಡಿ, ಸಿಟಿ ತೆಗೆದು, ಪ್ಲಾನ್ ಹಾಕಲು ಒಂದು ವಾರ ಹಿಡಿಯಬಹುದು. ಹಾಗಾಗಿ ನಾಳೆಯೇ ಹೋಗಿ. ಎರಡು ಗಂಟಿನಲ್ಲಿ ರೋಗ ಇದೆ ಅಂದ ಮೇಲೆ ರೇಡಿಯೇಷನ್ ಬೇಕು ಅನ್ನುವುದು ಆಗಲೇ ತೀರ್ಮಾನವಾಗಿದೆ. ಯಾವ ಪ್ರೋಟೀನ್ ಏನೇ ಬಂದರೂ ಅದು ಬದಲಾಗುವುದಿಲ್ಲ.

ಈಗ ರಿಪೋರ್ಟ್. ನೀವು ಕೊನೆಯ ಪುಟ ನೋಡಿ ಹೆದರಿದ್ದೀರಿ. ನಾನು ಮೊದಲ ಪುಟ ನೋಡುತ್ತೇನೆ. ಬಾಯಿ ಕ್ಯಾನ್ಸರ್‌ನಲ್ಲಿ ಮುಂದಿನದನ್ನು ಅತಿ ಹೆಚ್ಚು ಹೇಳುವುದು ಮೂರು ಸಂಗತಿ: ಕತ್ತಿನ ಗಂಟು, ಗಡ್ಡೆಯ ಆಳ, ಮಾರ್ಜಿನ್. 2018ರಿಂದ ಜಾರಿಗೆ ಬಂದ ಸ್ಟೇಜಿಂಗ್‌ನಲ್ಲಿ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 5 ಮಿ.ಮೀ. ಒಂದು ಗೆರೆ, 10 ಮಿ.ಮೀ. ಇನ್ನೊಂದು ಗೆರೆ. ನಿಮ್ಮದು 8, ನಡುವೆ ಇದೆ. ಮಾರ್ಜಿನ್ 5ಕ್ಕಿಂತ ಜಾಸ್ತಿ ಇದೆ, ಅದು ಒಳ್ಳೆಯದು. ಗಂಟಿನ ಸಿಪ್ಪೆ ಒಡೆದು ರೋಗ ಹೊರಗೆ ಬಂದಿಲ್ಲ, ಅದು ತುಂಬಾ ಒಳ್ಳೆಯದು. ಬಂದಿದ್ದರೆ ರೇಡಿಯೇಷನ್ ಜೊತೆ ಕೀಮೋ ಕೂಡ ಸೇರುತ್ತಿತ್ತು. 26 ಗಂಟು ತೆಗೆದಿದ್ದಾರೆ. 18ಕ್ಕಿಂತ ಜಾಸ್ತಿ ಸಿಕ್ಕಿದ್ದರೆ ಕತ್ತಿನ ಆಪರೇಷನ್ ಚೆನ್ನಾಗಿ ಆಗಿದೆ ಅಂತ ನಾವು ಓದಿಕೊಳ್ಳುತ್ತೇವೆ.

ಸ್ಟೇಜ್ 4ಎ ಅಂದ ಕೂಡಲೇ ಕೊನೆಯ ಹಂತ ಅಂದುಕೊಳ್ಳಬೇಡಿ. ಬಾಯಿ ಕ್ಯಾನ್ಸರ್‌ನಲ್ಲಿ 4ಎ ಅಂದರೆ ರೋಗ ಇನ್ನೂ ಬಾಯಿ ಮತ್ತು ಕತ್ತಿನಲ್ಲೇ ಇದೆ. ಗುಣ ಮಾಡಲೆಂದೇ ಚಿಕಿತ್ಸೆ ಕೊಡುತ್ತಾರೆ. ದೂರಕ್ಕೆ ಹರಡಿದ್ದು 4ಸಿ.

ಇನ್ನು ಆ ಮೂರು ಹೆಸರು.

ಪಿ53 ನಮ್ಮ ಜೀವಕೋಶದ ಕಾವಲುಗಾರ. ಕೋಶ ಕೆಟ್ಟರೆ ಅದನ್ನು ತಡೆದು ನಿಲ್ಲಿಸುವ ಪ್ರೋಟೀನ್. ಆರೋಗ್ಯವಾಗಿದ್ದಾಗ ಅದು ಹುಟ್ಟಿದ ಸ್ವಲ್ಪ ಹೊತ್ತಿಗೆ ಕರಗಿ ಹೋಗುತ್ತದೆ. ಹಾಗಾಗಿ ಸ್ಲೈಡ್‌ನಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತದೆ ಅಷ್ಟೆ. ಅದರ ಜೀನ್ ಕೆಟ್ಟಾಗ ಕೆಲಸಕ್ಕೆ ಬಾರದ ಪ್ರೋಟೀನ್ ಕರಗದೆ ಗುಡ್ಡೆ ಬೀಳುತ್ತದೆ. ಆಗ ಸ್ಲೈಡ್ ಪೂರ್ತಿ ಗಾಢ ಕಂದು. ಕೆಲವು ಸಲ ಜೀನ್ ಎಷ್ಟು ಕೆಟ್ಟಿರುತ್ತದೆ ಅಂದರೆ ಪ್ರೋಟೀನ್ ಹುಟ್ಟುವುದೇ ಇಲ್ಲ. ಆಗ ಸ್ಲೈಡ್ ಪೂರ್ತಿ ಖಾಲಿ. ನೋಡಿ, ಆ ‘ನೆಗೆಟಿವ್’ ಕೂಡ ಕೆಟ್ಟ ಜೀನಿನ ಗುರುತೇ. ಸುಮ್ನೆ ಪಾಸಿಟಿವ್, ನೆಗೆಟಿವ್ ಅಂತ ಬರೆದರೆ ಅರ್ಥ ಆಗುವುದಿಲ್ಲ. ಅದಕ್ಕಿಂತ ಮುಖ್ಯ, ಹೊಗೆಸೊಪ್ಪಿನಿಂದ ಬಂದ ಬಾಯಿ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಪಿ53 ಕೆಟ್ಟೇ ಇರುತ್ತದೆ. ನಿಮ್ಮ ಚಿಕ್ಕಪ್ಪನದು ಬೇರೆಯವರದಕ್ಕಿಂತ ಬೇರೆ ಏನಲ್ಲ.

ಕಿ-67 ಅಂದರೆ ಎಷ್ಟು ಕೋಶ ಈಗ ಒಡೆದು ಎರಡಾಗುವ ಕೆಲಸದಲ್ಲಿವೆ ಅನ್ನುವ ಎಣಿಕೆ. ಗಡ್ಡೆಯ ದ್ವೀಪದಂಥ ಗುಂಪುಗಳ ಅಂಚಿನಲ್ಲಿ ಎಣಿಸಿದರೆ ಜಾಸ್ತಿ, ನಡುವೆ ಕೆರಟಿನ್ ಮುತ್ತುಗಳ (ಉಗುರಿನಂಥ ಗಟ್ಟಿ ವಸ್ತುವಿನ ಉಂಡೆಗಳ) ಹತ್ತಿರ ಎಣಿಸಿದರೆ ಕಡಿಮೆ. ಒಂದೇ ಸ್ಲೈಡ್‌ನಲ್ಲಿ 25 ಕೂಡ ಬರಬಹುದು, 50 ಕೂಡ ಬರಬಹುದು. ಬಾಯಿ ಕ್ಯಾನ್ಸರ್‌ಗೆ ಇಂತಿಷ್ಟಕ್ಕಿಂತ ಮೇಲೆ ಅಪಾಯ ಅನ್ನುವ ಎಲ್ಲರೂ ಒಪ್ಪಿದ ಗೆರೆ ಇಲ್ಲ.

ಪಿ16 ವಿಷಯದಲ್ಲಿ ನೀವು ಓದಿದ್ದು ಗಂಟಲಿನ ಕ್ಯಾನ್ಸರ್‌ದು. ಟಾನ್ಸಿಲ್, ನಾಲಿಗೆಯ ಬುಡದಲ್ಲಿ ಎಚ್‌ಪಿವಿ ವೈರಸ್‌ನಿಂದ ಬರುವ ಕ್ಯಾನ್ಸರ್‌ನಲ್ಲಿ ಪಿ16 ಪಾಸಿಟಿವ್ ಇದ್ದರೆ ಫಲಿತಾಂಶ ಚೆನ್ನಾಗಿರುತ್ತದೆ, ಅದಕ್ಕೆ ಬೇರೆ ಸ್ಟೇಜಿಂಗ್ ಕೂಡ ಇದೆ. ಕೆನ್ನೆಯ ಕ್ಯಾನ್ಸರ್‌ಗೆ ಅದನ್ನು ತಂದು ಜೋಡಿಸಬಾರದು. ಇಲ್ಲಿ ಪಿ16 ನೆಗೆಟಿವ್ ಅಂದರೆ ಕೆಟ್ಟ ಸುದ್ದಿ ಅಲ್ಲವೇ ಅಲ್ಲ.

ವರದಾತೀರ · ಸೋಮವಾರ ಬೆಳಿಗ್ಗೆ 6:50

ಮೇಡಂ, ಇದನ್ನು ನಾಲ್ಕು ಸಲ ಓದಿದೆ. ಚಿಕ್ಕಮ್ಮನಿಗೂ ಓದಿ ಹೇಳಿದೆ. 4ಎ ಬಗ್ಗೆ ಯಾರೂ ನಮಗೆ ಹೀಗೆ ಹೇಳಿರಲಿಲ್ಲ. ಬುಧವಾರ ಮಾಸ್ಕ್‌ಗೆ ಟೈಮ್ ಕೊಟ್ಟಿದ್ದಾರೆ. ಅಣ್ಣನಿಗೆ ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ.

ರೋಹಿಣಿ ಮಳೆ · ಸೋಮವಾರ ಮಧ್ಯಾಹ್ನ 1:15

ಮಾಸ್ಕ್‌ಗೆ ಹೊರಟಿದ್ದು ತುಂಬಾ ಖುಷಿ ಆಯಿತು. ಆ ವಿಷಯದಲ್ಲಿ ಮೇಡಂ ಹೇಳಿದ್ದಕ್ಕೆ ಒಂದಕ್ಷರ ಸೇರಿಸುವುದಿಲ್ಲ. ಆದರೆ ಪ್ರೋಟೀನ್‌ಗಳ ಪರವಾಗಿ ಸ್ವಲ್ಪ ಮಾತಾಡಬೇಕು. ನಾನು ಬೆಂಗಳೂರಿನಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ.

ಗಂಟು, ಆಳ, ಮಾರ್ಜಿನ್ ಮೂರೂ ಒಂದೇ ತರಹ ಇದ್ದ ಇಬ್ಬರು ಪೇಷೆಂಟ್‌ಗಳು ಇರುತ್ತಾರೆ. ಒಬ್ಬರು ಹತ್ತು ವರ್ಷ ಚೆನ್ನಾಗಿರುತ್ತಾರೆ. ಇನ್ನೊಬ್ಬರಿಗೆ ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಅಳತೆಪಟ್ಟಿಗೆ ಸಿಗದ ಏನೋ ಒಂದು ಆ ಗಡ್ಡೆಯಲ್ಲಿ ಇತ್ತು ಅಲ್ವಾ? ಅದನ್ನು ಹುಡುಕುವುದು ಬೇಡ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ 2022ರ ಅಂದಾಜಿನಂತೆ ಒಂದೇ ವರ್ಷಕ್ಕೆ 1.4 ಲಕ್ಷಕ್ಕೂ ಹೆಚ್ಚು ಜನಕ್ಕೆ ತುಟಿ, ಬಾಯಿ ಕ್ಯಾನ್ಸರ್ ಬಂದಿದೆ. ಸುಮಾರು 80 ಸಾವಿರ ಜನ ತೀರಿಕೊಂಡಿದ್ದಾರೆ. ಪ್ರಪಂಚದ ಮೂರನೇ ಒಂದು ಪಾಲು ನಮ್ಮದೇ.

ನನಗೆ ತುಂಬಾ ಹಿಡಿಸಿದ ಒಂದು ಅಧ್ಯಯನ ಹೇಳುತ್ತೇನೆ. ಬ್ರೆಜಿಲ್‌ನ ಕ್ಯಾಂಪಿನಾಸ್‌ನ ತಂಡ 2018ರಲ್ಲಿ ಪ್ರಕಟಿಸಿದ್ದು. ಇಡೀ ಗಡ್ಡೆಯನ್ನು ಅರೆದು ಅದರಲ್ಲಿ ಯಾವ ಪ್ರೋಟೀನ್ ಇದೆ ಅಂತ ನೋಡುವುದು ಹಳೆಯ ರೀತಿ. ಇವರು ಹಾಗೆ ಮಾಡಲಿಲ್ಲ. ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಬ್ಯಾಣಕ್ಕೆ (ಗುಡ್ಡದ ಹುಲ್ಲುಗಾವಲಿಗೆ) ಬೆಂಕಿ ಬಿದ್ದಾಗ ನಡುವೆ ಸುಟ್ಟು ಬೂದಿಯಾದ ಜಾಗವನ್ನು ನೋಡಿ ಬೆಂಕಿ ಎತ್ತ ಹೋಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಉರಿಯುತ್ತಿರುವ ಅಂಚನ್ನು ನೋಡುತ್ತಾರೆ. ಗಡ್ಡೆಯಲ್ಲೂ ಹಾಗೆಯೇ. ಅದು ಒಳಗಿನ ಮಾಂಸಕ್ಕೆ ನುಗ್ಗುತ್ತಿರುವ ಅಂಚು ಬೇರೆ, ನಡುವಿನ ಭಾಗ ಬೇರೆ. ಅವರು ಆ ಅಂಚಿನ ಕ್ಯಾನ್ಸರ್ ಕೋಶಗಳನ್ನೂ ಸುತ್ತಲಿನ ಅಂಗಾಂಶವನ್ನೂ ಬೇರೆ ಬೇರೆ ಮಾಡಿ, ಒಂದೊಂದರ ಪ್ರೋಟೀನ್‌ಗಳನ್ನೂ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ, ಅಣುಗಳನ್ನು ತೂಗಿ ಗುರುತಿಸುವ ಯಂತ್ರದಲ್ಲಿ ನೋಡಿದರು.

ಅದರಲ್ಲಿ ಸಿಸ್ಟಾಟಿನ್-ಬಿ ಅನ್ನುವ ಪ್ರೋಟೀನ್ ಎದ್ದು ಬಂತು. ಪ್ರೋಟೀನ್‌ಗಳನ್ನು ಕತ್ತರಿಸುವ ಕಿಣ್ವಗಳು ಕೋಶದಲ್ಲಿ ಇರುತ್ತವೆ. ಅವುಗಳಿಗೆ ಕಡಿವಾಣ ಹಾಕುವುದು ಇದರ ಕೆಲಸ. ಒಳನುಗ್ಗುವ ಅಂಚಿನಲ್ಲಿ ಇದು ಕಡಿಮೆ ಇದ್ದವರಿಗೆ ಅದೇ ಜಾಗದಲ್ಲಿ ರೋಗ ಮರಳುವುದು ಜಾಸ್ತಿ ಇತ್ತು. ಬೇರೆ ಅಂಶಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಆ ಸಂಬಂಧ ಉಳಿಯಿತು. ಆಮೇಲೆ ಅವರು ಜೊಲ್ಲಿಗೆ ಹೋದರು. ಆಯ್ದ ಪ್ರೋಟೀನ್‌ಗಳ ತುಣುಕುಗಳನ್ನು ಜೊಲ್ಲಿನಲ್ಲಿ ಅಳೆದು, ಕತ್ತಿನ ಗಂಟಿಗೆ ಹರಡಿದವರನ್ನೂ ಹರಡದವರನ್ನೂ ಬೇರೆ ಮಾಡಬಹುದಾ ಅಂತ ನೋಡಿದರು. ಒಂದು ಗುಂಪಿನ ತುಣುಕುಗಳು (ಪೆಪ್ಟೈಡ್) ಆ ಕೆಲಸವನ್ನು ಎಲ್ಲಕ್ಕಿಂತ ಚೆನ್ನಾಗಿ ಮಾಡಿದವು.

ಇದು ಯಾಕೆ ದೊಡ್ಡದು ಅಂದರೆ, ಕತ್ತಿನಲ್ಲಿ ಏನೂ ಕಾಣದ ಪೇಷೆಂಟ್‌ಗೂ ಈಗ ಮುಂಜಾಗ್ರತೆಗೆ ಗಂಟು ತೆಗೆಯುತ್ತಾರೆ. ಹಾಗೆ ತೆಗೆಯುವುದೇ ಸರಿ ಅಂತ ತೋರಿಸಿದ್ದು ನಮ್ಮ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ. 2015ರಲ್ಲಿ. ಮೊದಲೇ ತೆಗೆದವರಲ್ಲಿ ಮೂರು ವರ್ಷಕ್ಕೆ 80% ಜನ ಬದುಕಿದ್ದರು, ಗಂಟು ಕಂಡ ಮೇಲೆ ತೆಗೆದವರಲ್ಲಿ 67.5%. ಆದರೂ ಹಾಗೆ ಮೊದಲೇ ತೆಗೆಸಿಕೊಂಡವರಲ್ಲಿ ಎಷ್ಟೋ ಜನಕ್ಕೆ ಗಂಟಿನಲ್ಲಿ ರೋಗವೇ ಇರುವುದಿಲ್ಲ. ಆ ಆಪರೇಷನ್ ಆದ ಮೇಲೆ ಭುಜ ಎತ್ತಲಾಗದೆ ಒದ್ದಾಡುವವರನ್ನು ನಾನು ನೋಡಿದ್ದೇನೆ. ಒಂದು ಚಮಚ ಜೊಲ್ಲು ಅದನ್ನು ಮೊದಲೇ ಹೇಳುವಂತಾದರೆ ಎಷ್ಟು ಜನಕ್ಕೆ ನೋವು ತಪ್ಪುತ್ತದೆ, ಹೇಳಿ.

ಸೂಕ್ಷ್ಮದರ್ಶಕ · ಸೋಮವಾರ ಸಂಜೆ 5:30

ರೋಹಿಣಿ, ಹುಡುಕಬೇಡ ಅಂತ ನಾನು ಹೇಳಲೇ ಇಲ್ಲಮ್ಮ. ಖಂಡಿತ ಹುಡುಕಬೇಕು. ನನ್ನ ತಕರಾರು ಒಂದೇ. ಲ್ಯಾಬ್‌ನಲ್ಲಿ ಹುಡುಕುತ್ತಿರುವುದನ್ನು ಈಗಲೇ ಪೇಷೆಂಟ್ ಕೈಯಲ್ಲಿ ಶೇಕಡಾವಾರು ಹಾಕಿ ಕೊಡುವುದು.

ಸ್ತನ ಕ್ಯಾನ್ಸರ್‌ನಲ್ಲಿ ಇಆರ್, ಪಿಆರ್, ಹರ್2 ಅನ್ನುವ ಮೂರು ಪ್ರೋಟೀನ್ ನೋಡದೆ ನನ್ನ ರಿಪೋರ್ಟ್ ಪೂರ್ತಿ ಆಗುವುದಿಲ್ಲ. ಯಾಕೆಂದರೆ ಆ ಮೂರರ ಮೇಲೆ ಔಷಧಿ ನಿಂತಿದೆ. ಇಆರ್ ಪಾಸಿಟಿವ್ ಅಂತ ನಾನು ಬರೆದರೆ ಆ ಹೆಂಗಸಿಗೆ ಒಂದು ಮಾತ್ರೆ ಸಿಗುತ್ತದೆ. ಬಾಯಿ ಕ್ಯಾನ್ಸರ್‌ನಲ್ಲಿ ಕಿ-67 45% ಅಂತ ಬರೆದರೆ ಆ ಮನೆಗೆ ಏನು ಸಿಗುತ್ತದೆ? ಎರಡು ರಾತ್ರಿ ನಿದ್ದೆ ಹೋಯಿತು ಅಷ್ಟೆ.

ಇಜಿಎಫ್‌ಆರ್ ಅಂತ, ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಇನ್ನೊಂದು ಪ್ರೋಟೀನ್ ಇದೆ. ಅದರ ಕಥೆಯೂ ಹಾಗೆಯೇ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ತಲೆ-ಕತ್ತಿನ ಕ್ಯಾನ್ಸರ್‌ಗಳಲ್ಲಿ ಅದು ಜಾಸ್ತಿಯೇ ಇರುತ್ತದೆ. ಅದಕ್ಕೆ ಔಷಧಿಯೂ ಇದೆ. ಕ್ಯೂಬಾದಿಂದ ಬಂದ ನಿಮೊಟುಜುಮಾಬ್ ಅನ್ನು ನಮ್ಮ ಬೆಂಗಳೂರಿನ ಬಯೋಕಾನ್ 2006ರಲ್ಲೇ ಇಲ್ಲಿ ಬಿಡುಗಡೆ ಮಾಡಿತು. ಆದರೆ ಎಲ್ಲರಲ್ಲೂ ಇರುವ ಗುರುತಿನಿಂದ ಯಾರು ಉಳಿಯುತ್ತಾರೆ, ಯಾರಿಗೆ ಮರಳುತ್ತದೆ ಅಂತ ಬೇರೆ ಮಾಡುವುದು ಹೇಗೆ?

ಮೇಣದಚ್ಚು · ಸೋಮವಾರ ರಾತ್ರಿ 8:05

ದೊಡ್ಡವರ ನಡುವೆ ನಾನೊಬ್ಬ ಲ್ಯಾಬ್ ಟೆಕ್ನಿಷಿಯನ್. ಸ್ಲೈಡ್ ತಯಾರಾಗುವ ಜಾಗದಿಂದ ಎರಡು ಮಾತು.

ಆ 80%, 45% ಅನ್ನುವ ಅಂಕಿ ಎಲ್ಲಿಂದ ಬರುತ್ತದೆ ಗೊತ್ತಾ? ತೆಗೆದ ತುಂಡು ಮೊದಲು ಫಾರ್ಮಲಿನ್‌ಗೆ ಹೋಗುತ್ತದೆ. ಆಮೇಲೆ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತೇವೆ. ಅದನ್ನು ಮೈಕ್ರೋಟೋಮ್ ಅನ್ನುವ ಕೊಯ್ಯುವ ಯಂತ್ರದಲ್ಲಿ 4 ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತೇವೆ. ಒಂದು ತಲೆಗೂದಲ ದಪ್ಪದಲ್ಲಿ ಇಂಥ ಹತ್ತು-ಹದಿನೈದು ಪದರ ಹಿಡಿಯುತ್ತದೆ. ಪದರಗಳು ರಿಬ್ಬನ್ ತರಹ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟ ಮೇಲೆ ಗಾಜಿನ ಸ್ಲೈಡ್‌ನಿಂದ ಎತ್ತಿಕೊಳ್ಳಬೇಕು. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತದೆ.

ಫಾರ್ಮಲಿನ್ ಪ್ರೋಟೀನ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಆ ಕಟ್ಟು ಸಡಿಲವಾಗದೆ ಆಂಟಿಬಾಡಿ (ಬೇಕಾದ ಪ್ರೋಟೀನನ್ನು ಹುಡುಕಿ ಹಿಡಿಯುವ ವಸ್ತು) ಅಂಟುವುದಿಲ್ಲ. ಅದಕ್ಕೆ ಸ್ಲೈಡ್‌ಗಳನ್ನು ಸಿಟ್ರೇಟ್ ದ್ರಾವಣದಲ್ಲಿ ಬೇಯಿಸುತ್ತೇವೆ. ಎಷ್ಟೋ ಲ್ಯಾಬ್‌ಗಳಲ್ಲಿ ಇವತ್ತಿಗೂ ಅದಕ್ಕೆ ಅಡುಗೆಮನೆಯ ಪ್ರೆಷರ್ ಕುಕ್ಕರ್ ಇಟ್ಟುಕೊಂಡಿದ್ದಾರೆ. ನಾನೂ ಅದರಲ್ಲೇ ಕಲಿತದ್ದು. ಒಂದು ನಿಮಿಷ ಕಡಿಮೆಯಾದರೆ ಬಣ್ಣ ಪೇಲವ. ಜಾಸ್ತಿಯಾದರೆ ಪದರವೇ ಕಿತ್ತು ಹೋಗುತ್ತದೆ. ಆಮೇಲೆ ಆಂಟಿಬಾಡಿ, ಆಮೇಲೆ ಕಂದು ಬಣ್ಣ ಕೊಡುವ ಡ್ಯಾಬ್, ಕೊನೆಗೆ ಹಿನ್ನೆಲೆಗೆ ನೀಲಿ. ಪ್ರತಿ ಸಲ ಪಕ್ಕದಲ್ಲಿ ಒಂದು ಕಂಟ್ರೋಲ್ ಸ್ಲೈಡ್ ಇಡಬೇಕು. ಕಿ-67ಗೆ ನಾವು ಟಾನ್ಸಿಲ್ ಇಡುತ್ತೇವೆ. ಅದರಲ್ಲಿ ಕಂದು ಬರಲಿಲ್ಲ ಅಂದರೆ ಇಡೀ ಬ್ಯಾಚ್ ಲೆಕ್ಕಕ್ಕಿಲ್ಲ.

ಹೋದ ವರ್ಷ ಒಂದು ಸಣ್ಣ ಊರಿನಿಂದ ಒಂದು ತುಂಡು ಬಂತು. ಪುಟ್ಟ ಔಷಧಿ ಬಾಟಲಿಯೊಳಗೆ ತುರುಕಿದ್ದರು. ಫಾರ್ಮಲಿನ್ ಬದಲು ಸಲೈನ್. ಎರಡು ದಿನ ಬಸ್ಸಿನಲ್ಲಿ ಬಂದಿತ್ತು. ಮುಚ್ಚಳ ತೆಗೆದಾಗ ವಾಸನೆಯಲ್ಲೇ ಗೊತ್ತಾಯಿತು. ಆ ತುಂಡಿನಲ್ಲಿ ಪ್ರೋಟೀನ್ ‘ನೆಗೆಟಿವ್’ ಬಂದರೆ ಅದು ರೋಗದ ಗುಣವಾ, ಬಾಟಲಿಯ ತಪ್ಪಾ? ತುಂಡಿನ ಹತ್ತುಪಟ್ಟು ಫಾರ್ಮಲಿನ್ ಬೇಕು, ಅಗಲ ಬಾಯಿಯ ಡಬ್ಬಿ ಬೇಕು. ಇದು ಸರಿ ಇಲ್ಲದೆ ಎಷ್ಟು ಸಾವಿರದ ಪ್ಯಾನೆಲ್ ಮಾಡಿಸಿದರೂ ಪ್ರಯೋಜನವಿಲ್ಲ.

ವರದಾತೀರ ಅವರೇ, ಚಿಕ್ಕಪ್ಪನ ಬ್ಲಾಕ್‌ಗಳು ಲ್ಯಾಬ್‌ನಲ್ಲೇ ಇರುತ್ತವೆ. ಮುಂದೆ ಬೇರೆ ಆಸ್ಪತ್ರೆಗೆ ಹೋಗುವುದಿದ್ದರೆ ಅರ್ಜಿ ಕೊಟ್ಟು ತೆಗೆದುಕೊಳ್ಳಬಹುದು. ಬಿಸಿಲು ಬೀಳುವ ಕಡೆ, ಒಲೆ ಹತ್ತಿರ ಇಡಬೇಡಿ. ಮೇಣ ಕರಗುತ್ತದೆ.

ಬೆಂಗಳೂರು ಅಣ್ಣ · ಸೋಮವಾರ ರಾತ್ರಿ 9:48

ಆ 28 ಸಾವಿರದ ಪ್ಯಾನೆಲ್ ಮಾತು ತೆಗೆದವನು ನಾನೇ. ಎಲ್ಲ ಓದಿದೆ. ಕಾಯುವ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಬುಧವಾರ ನಾನೇ ಊರಿಗೆ ಬಂದು ಚಿಕ್ಕಪ್ಪನನ್ನು ಕರೆದುಕೊಂಡು ಹೋಗುತ್ತೇನೆ.

ಆದರೆ ಒಂದು ಪ್ರಶ್ನೆ ಉಳಿದಿದೆ. ಆ ಪ್ಯಾನೆಲ್‌ನಲ್ಲಿ ಪಿಡಿ-ಎಲ್1 ಇದೆ. ಇಮ್ಯುನೋಥೆರಪಿ (ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಕೊಡಬಹುದಾ ಅಂತ ಅದರಿಂದ ಗೊತ್ತಾಗುತ್ತದಂತೆ. ಅದನ್ನಾದರೂ ಮಾಡಿಸಬೇಡವಾ? ಚಿಕ್ಕಪ್ಪ ನನ್ನನ್ನು ಎತ್ತಿ ಆಡಿಸಿದವರು. ದುಡ್ಡಿನ ಮುಖ ನೋಡಿ ಬಿಟ್ಟೆವು ಅಂತ ಆಗಬಾರದು.

ಸೂಕ್ಷ್ಮದರ್ಶಕ · ಸೋಮವಾರ ರಾತ್ರಿ 10:30

ನಿಮ್ಮ ಕಾಳಜಿ ಅರ್ಥವಾಗುತ್ತದೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಇಡೀ ಪಟ್ಟಿಯಲ್ಲಿ ಚಿಕಿತ್ಸೆಯನ್ನು ನಿಜವಾಗಿ ಬದಲಿಸುವ ಪ್ರೋಟೀನ್ ಅದೊಂದೇ.

ಪಿಡಿ-ಎಲ್1 ಅಂದರೆ ಗಡ್ಡೆ ನಮ್ಮ ರೋಗನಿರೋಧಕ ಕೋಶಗಳಿಗೆ ‘ಮುಟ್ಟಬೇಡ’ ಅಂತ ತೋರಿಸುವ ಕೈ. ಆ ಕೈ ರೋಗನಿರೋಧಕ ಕೋಶಕ್ಕೆ ತಾಗದಂತೆ ತಡೆಯುವ ಔಷಧಿಗಳು ಪೆಂಬ್ರೊಲಿಜುಮಾಬ್, ನಿವೊಲುಮಾಬ್. ಮರಳಿ ಬಂದ ಅಥವಾ ದೂರಕ್ಕೆ ಹರಡಿದ ರೋಗದಲ್ಲಿ ಪಿಡಿ-ಎಲ್1 ಅಂಕ ಜಾಸ್ತಿ ಇದ್ದವರಿಗೆ ಪೆಂಬ್ರೊಲಿಜುಮಾಬ್‌ನಿಂದ ಲಾಭ ಜಾಸ್ತಿ ಅಂತ 2019ರಲ್ಲಿ ಬಂದ ದೊಡ್ಡ ಪ್ರಯೋಗ ತೋರಿಸಿತು. ಅಂಕ 20 ಅಥವಾ ಮೇಲಿದ್ದವರಲ್ಲಿ ಅರ್ಧದಷ್ಟು ಜನ 14.9 ತಿಂಗಳಾದರೂ ಬದುಕಿದ್ದರು, ಹಳೆಯ ಚಿಕಿತ್ಸೆಯಲ್ಲಿ ಅದು 10.7 ತಿಂಗಳು. 2025ರಲ್ಲಿ ಅಮೆರಿಕದಲ್ಲಿ ಆಪರೇಷನ್ ಮಾಡಬಹುದಾದ ರೋಗಕ್ಕೂ ಒಪ್ಪಿಗೆ ಸಿಕ್ಕಿತು. ಆದರೆ ಅದು ಆಪರೇಷನ್‌ಗೆ ಮುಂಚೆಯೇ ಶುರುವಾಗುವ ಚಿಕಿತ್ಸೆ. ನಿಮ್ಮ ಚಿಕ್ಕಪ್ಪನಿಗೆ ಆಪರೇಷನ್ ಆಗಿಹೋಗಿದೆ. ಅವರಿಗೆ ಈಗ ಬೇಕಿರುವುದು ರೇಡಿಯೇಷನ್.

ಮುಂದೆ ಎಂದಾದರೂ ರೋಗ ಮರಳಿದರೆ, ಮರಳದಿರಲಿ, ಆಗ ಪಿಡಿ-ಎಲ್1 ನೋಡಬಹುದು. ಬ್ಲಾಕ್ ಎಲ್ಲಿಗೂ ಹೋಗುವುದಿಲ್ಲ. ಆಗ ಕೂಡ ದುಡ್ಡಿಲ್ಲ ಅಂತ ಕೈಚೆಲ್ಲಬೇಕಾಗಿಲ್ಲ. ಟಾಟಾ ಮೆಮೋರಿಯಲ್‌ನವರು ನಿವೊಲುಮಾಬ್ ಅನ್ನು ಬರೀ 20 ಮಿ.ಗ್ರಾಂ. ಪ್ರಮಾಣದಲ್ಲಿ, ಬಾಯಿಂದ ತೆಗೆದುಕೊಳ್ಳುವ ಮೂರು ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಮಾಮೂಲಿ ಪ್ರಮಾಣ 240. ಗುಣ ಮಾಡಲಾಗದ ಹಂತದ ಪೇಷೆಂಟ್‌ಗಳು ಅವರು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷಕ್ಕೆ 16.3% ಜನ ಬದುಕಿದ್ದರು. ಈ ಔಷಧಿ ಸೇರಿಸಿದವರಲ್ಲಿ 43.4%. ಆ ಅಂಕಿ ಓದಿದ ದಿನ ನಾನು ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಎಲ್ಲರನ್ನೂ ಕರೆದು ತೋರಿಸಿದ್ದೆ.

ಅಂಕಿಗಂಟು · ಮಂಗಳವಾರ ಮಧ್ಯರಾತ್ರಿ 12:55

ಮೈಸೂರಿನವನು, ಈಗ ಹಾಲೆಂಡಿನಲ್ಲಿ ವೈದ್ಯಕೀಯ ಅಂಕಿಅಂಶದ ಕೆಲಸ. ನೆಟ್‌ನಲ್ಲಿ ‘ಈ ಪ್ರೋಟೀನ್ ಇದ್ದರೆ ಸಾವಿನ ಅಪಾಯ ಎರಡುಪಟ್ಟು’ ಅಂತ ಓದಿ ಹೆದರುವವರಿಗಾಗಿ ಇದು.

ಲೆಕ್ಕಕ್ಕೆ ಸುಮ್ನೆ ಒಂದು ಉದಾಹರಣೆ ಹಿಡಿಯೋಣ. ಪ್ರೋಟೀನ್ ಕಡಿಮೆ ಇರುವ 100 ಜನ, ಜಾಸ್ತಿ ಇರುವ 100 ಜನ. ಐದು ವರ್ಷಕ್ಕೆ ಮೊದಲ ಗುಂಪಿನಲ್ಲಿ 70 ಜನ ಇದ್ದಾರೆ, ಎರಡನೆಯದರಲ್ಲಿ 50. ಕಾಗದದ ಮೇಲೆ ಇದು ದೊಡ್ಡ ಫಲಿತಾಂಶ. ಅಪಾಯ ಹತ್ತಿರ ಹತ್ತಿರ ಎರಡುಪಟ್ಟು. ಆದರೆ ‘ಕೆಟ್ಟ’ ಗುಂಪಿನಲ್ಲೂ ಅರ್ಧ ಜನ ಬದುಕಿದ್ದಾರೆ. ‘ಒಳ್ಳೆಯ’ ಗುಂಪಿನಲ್ಲೂ 30 ಜನ ಇಲ್ಲ. ನಿಮ್ಮ ಮನೆಯವರು ಯಾವ ಕಡೆ ಅಂತ ಆ ಪ್ರೋಟೀನ್ ಹೇಳುವುದಿಲ್ಲ.

ಇನ್ನೊಂದು. ಈ ವಿಷಯದಲ್ಲಿ ಬಂದ ಬರಹಗಳಲ್ಲಿ ಎಷ್ಟೋ ಐವತ್ತು-ಅರವತ್ತು ಪೇಷೆಂಟ್‌ಗಳ ಮೇಲೆ ನಿಂತಿವೆ. ಕೆನ್ನೆ, ನಾಲಿಗೆ, ಒಸಡು ಎಲ್ಲ ಒಂದೇ ಬುಟ್ಟಿಯಲ್ಲಿ. ಒಬ್ಬರು 10% ಮೇಲೆ ಪಾಸಿಟಿವ್ ಅನ್ನುತ್ತಾರೆ, ಇನ್ನೊಬ್ಬರು 30%. ಯಾವ ಗೆರೆ ಎಳೆದರೆ ವ್ಯತ್ಯಾಸ ಕಾಣುತ್ತದೋ ಅದೇ ಗೆರೆ ಎಳೆದವರೂ ಇದ್ದಾರೆ. ವ್ಯತ್ಯಾಸ ಕಾಣದ ಅಧ್ಯಯನಗಳು ಎಷ್ಟೋ ಸಲ ಅಚ್ಚಾಗುವುದೇ ಇಲ್ಲ. ಇದನ್ನೆಲ್ಲ ಸರಿಪಡಿಸಲೆಂದೇ 2005ರಲ್ಲಿ ‘ರಿಮಾರ್ಕ್’ ಅನ್ನುವ ನಿಯಮಗಳ ಪಟ್ಟಿ ಬಂತು. ಎಷ್ಟು ಪೇಷೆಂಟ್, ಎಷ್ಟು ವರ್ಷ ನೋಡಿಕೊಂಡಿರಿ, ಗೆರೆಯನ್ನು ಮೊದಲೇ ಎಳೆದಿದ್ದಿರಾ ಅಂತೆಲ್ಲ ಬಿಚ್ಚಿ ಬರೆಯಬೇಕು. ರೋಹಿಣಿಯವರೇ, ದಯವಿಟ್ಟು ನಿಮ್ಮ ಪ್ರಬಂಧದಲ್ಲಿ ಅದನ್ನು ಪಾಲಿಸಿ. ಗೆರೆಯನ್ನು ಮೊದಲೇ ಎಳೆದು, ಬೇರೆ ಊರಿನ ಬೇರೆ ಪೇಷೆಂಟ್‌ಗಳಲ್ಲಿ ಮತ್ತೆ ನೋಡಿ.

ರೋಹಿಣಿ ಮಳೆ · ಮಂಗಳವಾರ ಬೆಳಿಗ್ಗೆ 9:20

ಖಂಡಿತ ಸರ್. ಆ ಪಟ್ಟಿ ನನ್ನ ಮೇಜಿನ ಎದುರು ಅಂಟಿಸಿಕೊಂಡಿದ್ದೇನೆ.

ಬೇರೆ ಊರು ಅಂದಿರಲ್ಲ, ಅದೇ ನನ್ನ ಚಿಂತೆ ಕೂಡ. ಪಶ್ಚಿಮದ ದೇಶಗಳಲ್ಲಿ ಬಾಯಿ ಕ್ಯಾನ್ಸರ್ ಅಂದರೆ ಹೆಚ್ಚಾಗಿ ನಾಲಿಗೆ. ನಮ್ಮಲ್ಲಿ ಕವಳ, ಗುಟ್ಕಾ ಇಟ್ಟುಕೊಳ್ಳುವ ಜಾಗ, ಅಂದರೆ ಕೆನ್ನೆ ಮತ್ತು ಒಸಡಿನ ಸಂದು. 2013ರಲ್ಲಿ ಭಾರತದ ತಂಡ ಇದೇ ಜಾಗದ ಕ್ಯಾನ್ಸರ್‌ನ ಜೀನ್‌ಗಳನ್ನು ಓದಿತು. ಪಿ53ರಂಥ ಹಳೆಯ ಹೆಸರುಗಳ ಜೊತೆ ಯುಎಸ್‌ಪಿ9ಎಕ್ಸ್, ಅರಿಡ್2ನಂಥ ಹೊಸ ಹೆಸರುಗಳೂ ಸಿಕ್ಕವು. ಹಾಗಿರುವಾಗ ಬ್ರೆಜಿಲ್‌ನ ಸಿಸ್ಟಾಟಿನ್-ಬಿ ದಾವಣಗೆರೆಯ ಕೆನ್ನೆಯಲ್ಲೂ ಅದೇ ಮಾತು ಹೇಳುತ್ತದಾ ಅಂತ ನಾವೇ ನೋಡಬೇಕು.

ನೋಡುವುದು ಸುಲಭವಿಲ್ಲ. ಜೊಲ್ಲು ತೆಗೆದುಕೊಳ್ಳುವ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು ಅಂತ ಹೇಳಿರುತ್ತೇವೆ. ಬಾಯಿ ಮುಕ್ಕಳಿಸಿದ ಮೇಲೂ ಕೆಲವರ ಜೊಲ್ಲು ಕೆಂಪಗೆ ಬರುತ್ತದೆ. ಬಾಯಿ ಎರಡು ಬೆರಳಷ್ಟೂ ತೆರೆಯದವರು ಉಗುಳಲಾರರು. ತಲೆ ಬಗ್ಗಿಸಿ ಕೂರುತ್ತಾರೆ, ಟ್ಯೂಬ್ ತುಟಿಗೆ ಹಿಡಿದು ನಾವು ಕಾಯುತ್ತೇವೆ. ಟ್ಯೂಬ್ ಐಸ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಜೊಲ್ಲಿನಲ್ಲೇ ಇರುವ ಕಿಣ್ವಗಳು ಪ್ರೋಟೀನ್‌ಗಳನ್ನು ತಿಂದುಹಾಕುತ್ತವೆ. ಹೋದ ತಿಂಗಳು ಒಬ್ಬ ಅಜ್ಜಿ ಹಾಗೆ ಇಪ್ಪತ್ತು ನಿಮಿಷ ಕೂತು ಕೊಟ್ಟರು. ‘ನನಗೆ ಉಪಯೋಗ ಆಗ್ತದಾ ಮಗಾ?’ ಅಂತ ಕೇಳಿದರು. ಇಲ್ಲ ಅಜ್ಜಿ, ಮುಂದೆ ಬರುವವರಿಗೆ ಅಂದೆ. ‘ಹಾಗಾದರೆ ಇನ್ನೊಂದು ಸ್ವಲ್ಪ ತಗೋ’ ಅಂದರು.

ಹಲ್ಲಿನ ಡಾಕ್ಟ್ರು, ದಾವಣಗೆರೆ · ಮಂಗಳವಾರ ಮಧ್ಯಾಹ್ನ 2:40

ಇಲ್ಲಿ ಎಲ್ಲರೂ ಕ್ಯಾನ್ಸರ್ ಬಂದ ಮೇಲಿನ ಮಾತಾಡುತ್ತಿದ್ದೀರಿ. ನನ್ನ ಕುರ್ಚಿಯಲ್ಲಿ ಕೂರುವವರು ಅದಕ್ಕೂ ಮುಂಚಿನವರು. ಕೆನ್ನೆಯಲ್ಲಿ ಬಿಳಿ ಮಚ್ಚೆ. ಅಥವಾ ಬಾಯಿ ಬಿಗಿದು, ಮೂರು ಬೆರಳು ಹೋಗುತ್ತಿದ್ದ ಬಾಯಿಗೆ ಒಂದು ಬೆರಳೂ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗರು. ಮುದ್ದೆ ನುಂಗಲು ಕಣ್ಣಲ್ಲಿ ನೀರು.

ಪ್ರೋಟೀನ್ ಗುರುತುಗಳು ಬೇಗ ಕೆಲಸಕ್ಕೆ ಬರಬಹುದಾದ ಜಾಗ ಇದೇ ಅಂತ ನನ್ನ ಅನಿಸಿಕೆ. ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆಗುತ್ತದೆ ಅನ್ನುವುದೇ ಕಷ್ಟದ ಪ್ರಶ್ನೆ. ಪೊಡೊಪ್ಲಾನಿನ್ ಅನ್ನುವ ಪ್ರೋಟೀನ್ ಮಚ್ಚೆಯ ಮೇಲಿನ ಪದರಗಳಲ್ಲೂ ಕಂಡರೆ ಅಪಾಯ ಜಾಸ್ತಿ ಅಂತ 2008ರಲ್ಲೇ ವರದಿ ಬಂತು. ಎಸ್100ಎ7 ಅನ್ನುವ ಇನ್ನೊಂದು ಪ್ರೋಟೀನನ್ನು ಕಂಪ್ಯೂಟರ್‌ನಲ್ಲಿ ಅಳೆದು ಅಪಾಯ ಹೇಳುವ ಸ್ಟ್ರಾಟಿಸೈಟ್ ಅನ್ನುವ ಪರೀಕ್ಷೆ ಹೊರದೇಶದಲ್ಲಿ ಬಳಕೆಗೂ ಬಂದಿದೆ.

ಆದರೂ ಒಂದು ಮಾತು. ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬರೀ ಕಣ್ಣಲ್ಲಿ ಬಾಯಿ ನೋಡಿದರು. 2005ರಲ್ಲಿ ಫಲಿತಾಂಶ ಬಂತು. ಹೊಗೆಸೊಪ್ಪು, ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34% ಕಡಿಮೆ. ಒಂದು ಟಾರ್ಚ್ ಬೆಳಕು ಸಾಕಾಯಿತು. ವರದಾತೀರ ಅವರೇ, ಮನೆಯಲ್ಲಿ ಕವಳ ಹಾಕುವವರು ಬೇರೆ ಯಾರಿದ್ದರೂ ಹತ್ತಿರದ ಹಲ್ಲಿನ ಡಾಕ್ಟ್ರ ಹತ್ತಿರ ಒಂದು ಸಲ ಬಾಯಿ ತೋರಿಸಿ.

ಕವಳ ಬಿಟ್ಟವ · ಮಂಗಳವಾರ ರಾತ್ರಿ 9:10

ಡಾಕ್ಟ್ರು ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನಾನು ಅಡಿಕೆ ಬೆಳೆಗಾರ. ಮೂರು ಎಕರೆ ತೋಟದಲ್ಲಿ ಮಕ್ಕಳನ್ನು ಓದಿಸಿದ್ದೇನೆ. ಹೊಗೆಸೊಪ್ಪು ಇಲ್ಲದ ಕವಳಕ್ಕೆ ಏನೂ ಆಗುವುದಿಲ್ಲ ಅಂತ ನಾವೆಲ್ಲ ನಂಬಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ಹೇಳಿದೆ ಅಂತ ನನಗೆ ಗೊತ್ತಾಗಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ನಮ್ಮ ಕಡೆ ಇದನ್ನು ಹೇಳುವುದು ಕಷ್ಟ. ಹೊಟ್ಟೆಪಾಡಿನ ವಿಷಯ. ಆದರೂ ಹೇಳಲೇಬೇಕು ಅನ್ನಿಸಿ ಹೇಳುತ್ತಿದ್ದೇನೆ.

ನನಗೂ ಒಬ್ಬರು ಅಂಕಿ ಹೇಳಿದ್ದರು. ಐದು ವರ್ಷಕ್ಕೆ ಇಂತಿಷ್ಟು ಪರ್ಸೆಂಟ್ ಅಂತ. ಮನೆಗೆ ಬಂದು ತೋಟದಲ್ಲಿ ನಿಂತು ಮರಗಳನ್ನು ಎಣಿಸಿದೆ. ನೂರಕ್ಕೆ ಇಷ್ಟು ಮರ ಉಳಿಯುತ್ತದೆ, ಇಷ್ಟು ಬೀಳುತ್ತದೆ. ನಾನು ಯಾವ ಮರ? ಒಂದು ತಿಂಗಳು ಅದೇ ಯೋಚನೆ. ಊಟ ಸೇರುತ್ತಿರಲಿಲ್ಲ. ಕೊನೆಗೆ ರೇಡಿಯೇಷನ್ ಕೋಣೆಯ ಹುಡುಗ ಹೇಳಿದ, ‘ಅಣ್ಣಾ, ಇವತ್ತು ಹದಿನೇಳನೆಯದು, ಇನ್ನು ಹದಿಮೂರು’ ಅಂತ. ಆ ಅಂಕಿ ಹಿಡಿದುಕೊಂಡೆ. ದಿನಾ ಒಂದು ಕಡಿಮೆಯಾಗುವ ಅಂಕಿ.

ತಮ್ಮಾ, ಮೂರನೇ ವಾರದಿಂದ ಬಾಯಿ ಹುಣ್ಣಾಗುತ್ತದೆ. ಖಾರ, ಬಿಸಿ ಬೇಡ. ರಾಗಿ ಅಂಬಲಿ, ಮಜ್ಜಿಗೆ ಅನ್ನ ನುಣ್ಣಗೆ ಅರೆದು ಕೊಡಿ. ತೂಕ ಇಳಿಯಲು ಬಿಡಬೇಡಿ. ಬಾಯಿ ತೆರೆಯುವ ಅಭ್ಯಾಸ ಎಷ್ಟು ನೋವಾದರೂ ಬಿಡಬಾರದು. ನಾನು ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಿದ್ದೆ. ವಾರಕ್ಕೊಂದು ಕಡ್ಡಿ ಜಾಸ್ತಿ.

ವರದಾತೀರ · ಗುರುವಾರ ರಾತ್ರಿ 8:30

ನಿನ್ನೆ ಹೋಗಿ ಬಂದೆವು. ಅಣ್ಣ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿದ್ದ. ಬಿಳಿ ಜಾಲಿ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಚಿಕ್ಕಪ್ಪನ ಮುಖದ ಮೇಲೆ ಒತ್ತಿದರು. ಗಟ್ಟಿಯಾಗುವವರೆಗೆ ಅಲುಗಾಡಬಾರದು. ಅಣ್ಣ ಹೊರಗಿನ ಗಾಜಿನಿಂದ ನೋಡುತ್ತಾ ನಿಂತಿದ್ದ. ಮುಂದಿನ ಬುಧವಾರ ಮೊದಲ ದಿನ. 41ನೇ ದಿನ, ಮೇಡಂ. ಒಟ್ಟು 30 ಸಲ.

ರೇಡಿಯೇಷನ್ ಡಾಕ್ಟ್ರನ್ನು ಆ ಕೊನೆಯ ಪುಟದ ಬಗ್ಗೆ ಕೇಳಿದೆ. ‘ಇದನ್ನು ಫೈಲ್‌ನಲ್ಲಿ ಹಿಂದೆ ಹಾಕಿ’ ಅಂದರು. ಪಿಡಿ-ಎಲ್1 ಈಗ ಬೇಡ ಅಂದರು.

ಬರುವಾಗ ಲ್ಯಾಬ್‌ನಲ್ಲಿ ಅರ್ಜಿ ಕೊಟ್ಟು ಎರಡು ಬ್ಲಾಕ್, ನಾಲ್ಕು ಸ್ಲೈಡ್ ತೆಗೆದುಕೊಂಡೆವು. ಬೆಂಕಿಪೊಟ್ಟಣಕ್ಕಿಂತ ಸಣ್ಣ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಬಿಳಿ ಮೇಣ, ಮೇಣದ ನಡುವೆ ಉಗುರಿನಷ್ಟು ಕಂದು ತುಂಡು. ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಮಾತು ಇನ್ನೂ ಸ್ಪಷ್ಟವಿಲ್ಲ. ರೋಹಿಣಿ ಅವರ ಅಜ್ಜಿಯ ಕಥೆಯನ್ನು ದಾರಿಯಲ್ಲಿ ಅವರಿಗೆ ಓದಿ ಹೇಳಿದ್ದೆ. ‘ಒಂದು ಆ ಹುಡುಗಿಗೆ ಬೇಕಾ, ಕೇಳು’ ಅಂದರು.

ರೋಹಿಣಿ ಅವರೇ, ಬೇಕಿದ್ದರೆ ಯಾರನ್ನು ಕೇಳಬೇಕು, ಯಾವ ಫಾರಂಗೆ ಸಹಿ ಹಾಕಬೇಕು ಹೇಳಿ. ಸದ್ಯಕ್ಕೆ ಎರಡನ್ನೂ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಒಳಗಿನ ಕೋಣೆಯ ಬೀರುವಿನಲ್ಲಿ ಇಟ್ಟಿದ್ದೇವೆ. ಒಲೆಯಿಂದ ದೂರ.

ರೋಹಿಣಿ ಮಳೆ · ಗುರುವಾರ ರಾತ್ರಿ 8:52

ಬ್ಲಾಕ್ ಎರಡೂ ಚಿಕ್ಕಪ್ಪನ ಹತ್ತಿರವೇ ಇರಲಿ. ಅವರಿಗೇ ಮುಂದೆ ಬೇಕಾಗಬಹುದು. ರೇಡಿಯೇಷನ್ ಪೂರ್ತಿ ಮುಗಿದು, ಹುಣ್ಣು ಮಾಗಿ, ಅವರು ಒಂದು ತುತ್ತು ಅನ್ನ ಉಂಡ ಮೇಲೆ ನನಗೆ ಇಲ್ಲಿ ಒಂದು ಮಾತು ಬರೆಯಿರಿ. ಒಪ್ಪಿಗೆ ಪತ್ರ, ಐಸ್ ಡಬ್ಬಿ, ಟ್ಯೂಬ್ ಎಲ್ಲ ತೆಗೆದುಕೊಂಡು ಸಾಗರಕ್ಕೆ ನಾನೇ ಬರುತ್ತೇನೆ. ಆಗಲೂ ಅವರಿಗೆ ಮನಸ್ಸಿದ್ದರೆ ಒಂದು ಚಮಚ ಜೊಲ್ಲು ಸಾಕು.